ಬೇರೆ ದೇಶಕ್ಕೆ ಸೈನ್ಯ ನುಗ್ಗಿಸಿ ಪ್ರಜಾಪ್ರಭುತ್ವ ತರೋದು: ಮಾಡಿದ ಖರ್ಚಿಗೆ ಫಲ ಉಂಟಾ?

ಮಂಡ್ಯ_ಪಿಯು_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಮೇಲಿನ ವಿಷಯದ ಮೇಲೆ ನಮ್ಮ ಮಕ್ಕಳಿಗೆ ಚರ್ಚಾಸ್ಪರ್ಧೆ ಇದೆ. ಪರ ಮಾತಾಡುವ ಹುಡುಗಿ "ಜರ್ಮನಿ, ಜಪಾನ್" ಅಂತಾಳೆ. ವಿರೋಧದ ಹುಡುಗ "ಇರಾಕ್, ಆಫ್ಘಾನಿಸ್ತಾನ" ಅಂತಾನೆ. ಅಲ್ಲಿಗೆ ಇಬ್ಬರ ಗಾಡಿಯೂ ನಿಂತುಹೋಗುತ್ತೆ. ತೀರ್ಪುಗಾರರು ಎರಡು ಪ್ರಶ್ನೆ ಕೇಳಿದರೆ ಇಬ್ಬರೂ ಬಾಯಿ ಬಿಡುವ ಸ್ಥಿತಿ. ಇಲ್ಲಿ ಓದಿಕೊಂಡವರು, ನೋಡಿ ಬಂದವರು ಇದ್ದೀರಿ. ಖರ್ಚು ಅಂದರೆ ಯಾವ ಖರ್ಚು, ಯಾರ ಖರ್ಚು ಅನ್ನೋದರಿಂದ ಹಿಡಿದು ಏನು ತೋಚುತ್ತೋ ಬರೆಯಿರಿ. ನಮ್ಮ ಪಕ್ಷಗಳ ಜಗಳ ಮಾತ್ರ ಇಲ್ಲಿಗೆ ತರಬೇಡಿ.

ಕುವೆಂಪುನಗರ_ಲೆಕ್ಕಿಗ
ಮೇಷ್ಟ್ರೇ, ಮೊದಲು ದುಡ್ಡು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಯುದ್ಧದ ಖರ್ಚನ್ನೇ ಲೆಕ್ಕ ಹಾಕುತ್ತಾ ಕೂತಿದ್ದಾರೆ. ಅವರ ಪ್ರಕಾರ ಆಫ್ಘಾನಿಸ್ತಾನದ ಯುದ್ಧಕ್ಕೆ ಅಮೆರಿಕ ಸುರಿದದ್ದು ಸುಮಾರು 2.3 ಲಕ್ಷ ಕೋಟಿ ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 195 ಲಕ್ಷ ಕೋಟಿ ರೂಪಾಯಿ. ನಮ್ಮ ಕರ್ನಾಟಕದ 2025-26ರ ಬಜೆಟ್ 4.09 ಲಕ್ಷ ಕೋಟಿ. ಅಂದರೆ ಇಡೀ ರಾಜ್ಯವನ್ನು 45 ವರ್ಷಕ್ಕೂ ಹೆಚ್ಚು ನಡೆಸುವಷ್ಟು ಹಣ.

ಇನ್ನೊಂದು ತಮಾಷೆ ನೋಡಿ. 2002ರಲ್ಲಿ ಬುಷ್ ಅವರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸೆ, ಇರಾಕ್ ಯುದ್ಧಕ್ಕೆ 10 ಸಾವಿರದಿಂದ 20 ಸಾವಿರ ಕೋಟಿ ಡಾಲರ್ ಆಗಬಹುದು ಅಂದರು. ಅಷ್ಟೊಂದು ಹೇಳಿದ್ದು ಸರ್ಕಾರಕ್ಕೆ ಹಿಡಿಸಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅವರು ಹುದ್ದೆಯಲ್ಲಿರಲಿಲ್ಲ. ನಿಜವಾದ ಬಿಲ್ ಬಂದಾಗ ಅವರ ದೊಡ್ಡ ಅಂದಾಜನ್ನೂ ಎಷ್ಟೋ ಪಟ್ಟು ದಾಟಿತ್ತು. ಅದೂ ಕೈಯಿಂದ ಕೊಟ್ಟದ್ದಲ್ಲ. 2001 ಮತ್ತು 2003ರಲ್ಲಿ ತೆರಿಗೆ ಇಳಿಸಿ, ಯುದ್ಧವನ್ನು ಸಾಲದ ಮೇಲೆ ನಡೆಸಿದರು. ಬಡ್ಡಿ ಕಟ್ಟುವವರಲ್ಲಿ ಆಗ ಹುಟ್ಟೇ ಇರದ ಮಕ್ಕಳೂ ಇದ್ದಾರೆ.

ನಾಗಮಂಗಲ_ರಾಗಿ
ಸಾ, ನಾನು ಓದಿದ್ದು ಕಮ್ಮಿ, ತಪ್ಪಿದ್ರೆ ಬಯ್ಬ್ಯಾಡಿ. ನಮ್ ಕಡೆ ಬೋರ್ ಕೊರ್ಸೋರು ಇದೇ ಥರ ಹಾಳಾಗೋದು. ಆರ್ನೂರು ಅಡಿಗೆ ನೀರ್ ಬರ್ನಿಲ್ಲ, ಇಷ್ಟ್ ಇಳ್ಸಿದ್ದೀವಿ ಇನ್ನೊಂದ್ ನೂರ್ ಅಡಿ ನೋಡುಮ ಅಂತಾರೆ. ಆಮೇಲ್ ಇನ್ನೊಂದ್ ನೂರು. ಕೊರೆಯೋ ಗಾಡಿಯೋನ್ಗೆ ನೀರ್ ಬಂದ್ರೂ ದುಡ್ಡು, ಬರ್ದಿದ್ರೂ ದುಡ್ಡು. ಇಪ್ಪತ್ ವರ್ಷ ಅಲ್ಲಿ ಕುಂತಿದ್ದು ಪ್ರಜಾಪ್ರಭುತ್ವಕ್ಕೋ, ಇಳ್ಸಿದ್ ಪೈಪ್ ಎತ್ತಕ್ಕೆ ನಾಚ್ಕೆ ಆಗೋ?

ಸರಸ್ವತೀಪುರಂ_ಮೇಡಂ
ರಾಗಿ ಅವರ ಮಾತು ಚೆನ್ನಾಗಿದೆ. ಆದರೆ ನೀರೇ ಬರಲಿಲ್ಲ ಅಂತ ನಾನು ಒಪ್ಪಲ್ಲ. 2004ರ ಆಫ್ಘನ್ ಸಂವಿಧಾನದಲ್ಲಿ ಕೆಳಮನೆಯ ಸುಮಾರು ಕಾಲು ಭಾಗದ ಸೀಟು ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ನಮ್ಮ ಸಂಸತ್ತು ಆ ಬಗ್ಗೆ ಕಾಯ್ದೆ ಪಾಸು ಮಾಡಿದ್ದು 2023ರಲ್ಲಿ, ಜಾರಿ ಇನ್ನೂ ಆಗಬೇಕು. ಇಪ್ಪತ್ತು ವರ್ಷ ಅಲ್ಲಿ ಒಂದು ತಲೆಮಾರಿನ ಹುಡುಗಿಯರು ಶಾಲೆಗೆ ಹೋದರು, ಡಾಕ್ಟರಾದರು, ವಕೀಲರಾದರು, ಟಿವಿಯಲ್ಲಿ ವಾರ್ತೆ ಓದಿದರು. ನಮ್ಮ ಮಾನಸಗಂಗೋತ್ರಿಯಲ್ಲೂ ಆಫ್ಘನ್ ವಿದ್ಯಾರ್ಥಿಗಳು ಓದಿದ್ದಾರೆ. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲಿಗೆ ಬಂತು. ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆ ಮುಚ್ಚಿತು, 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯವೂ ಮುಚ್ಚಿತು.

ಲೆಕ್ಕಿಗರೇ, ಓದಿದ ಆ ಹುಡುಗಿಯರನ್ನು ನಿಮ್ಮ ಖಾತೆಯಲ್ಲಿ ಯಾವ ಕಡೆ ಬರೀತೀರಿ? ಜಮಾ ಕಡೆಗಾ, ಖರ್ಚಿನ ಕಡೆಗಾ?

ಕುವೆಂಪುನಗರ_ಲೆಕ್ಕಿಗ
ಜಮಾ ಕಡೆಗೇ ಮೇಡಂ, ಅನುಮಾನವೇ ಇಲ್ಲ. ಆದರೆ ಎದುರು ಪುಟವನ್ನೂ ತಿರುವಬೇಕಲ್ಲ. ಆ ಯುದ್ಧದಲ್ಲಿ ಸತ್ತ ಆಫ್ಘನ್ ನಾಗರಿಕರೇ 40 ಸಾವಿರಕ್ಕೂ ಹೆಚ್ಚು. ಕಾಬೂಲಿನ ಹುಡುಗಿಗೆ ಸಿಕ್ಕ ಶಾಲೆ ಹೆಲ್ಮಂದ್‌ನ ಹಳ್ಳಿ ಹುಡುಗಿಗೆ ಸಿಗಲಿಲ್ಲ. ಅವಳಿಗೆ ಸಿಕ್ಕಿದ್ದು ಹಗಲು ತಾಲಿಬಾನ್, ರಾತ್ರಿ ಬಾಗಿಲು ಒಡೆಯುವ ಸೈನಿಕರು. ಇನ್ನು ಅಮೆರಿಕದ ಜತೆ ನಿಂತವರು ಎಂಥವರು? ಯುದ್ಧಾಪರಾಧದ ಆರೋಪ ಹೊತ್ತ ದೋಸ್ತುಂ 2014ರಲ್ಲಿ ಅದೇ ದೇಶದ ಉಪಾಧ್ಯಕ್ಷನಾದ.

ಮಳವಳ್ಳಿ_ಹವಾಲ್ದಾರ್
ಎಲ್ಲರೂ ಅಮೆರಿಕವನ್ನೇ ಹಿಡ್ಕೊಂಡಿದ್ದೀರಿ. ನಾವು ಮಾಡಿದ್ದನ್ನ ಯಾರೂ ಬರೀಲಿಲ್ಲ, ಅದಕ್ಕೆ ಬರೀತಿದ್ದೀನಿ. ನಾನು ಶ್ರೀಲಂಕಾದ ಶಾಂತಿಪಾಲನಾ ಪಡೆಯಲ್ಲಿದ್ದವ.

1987ರ ಜುಲೈನಲ್ಲಿ ರಾಜೀವ್ ಗಾಂಧಿ, ಜಯವರ್ಧನೆ ಒಪ್ಪಂದ ಮಾಡಿಕೊಂಡರು. ತಮಿಳರಿಗೆ ಪ್ರಾಂತೀಯ ಸರ್ಕಾರ, ಹುಲಿಗಳು (ಎಲ್‌ಟಿಟಿಇ) ಆಯುಧ ಕೆಳಗಿಡೋದು, ನಾವು ನಡುವೆ ನಿಂತು ನೋಡಿಕೊಳ್ಳೋದು. ಹೋದ ಹೊಸದರಲ್ಲಿ ಜಾಫ್ನಾ ಜನ ಹೂವಿನ ಹಾರ ಹಾಕಿದ್ದರು. ಅಕ್ಟೋಬರ್ ಹೊತ್ತಿಗೆ ಅದೇ ಹುಲಿಗಳ ಮೇಲೆ ನಾವು ಯುದ್ಧ ಮಾಡ್ತಿದ್ವಿ. ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ಹುಡುಗರಲ್ಲಿ ಒಬ್ಬನೇ ಒಬ್ಬ ಬದುಕಿ ಉಳಿದ, ಅವನೂ ಸೆರೆಯಾಳಾಗಿ.

1988ರ ನವೆಂಬರಿನಲ್ಲಿ ನಮ್ಮ ಬಂದೂಕಿನ ಕಾವಲಲ್ಲಿ ಚುನಾವಣೆ ಆಯ್ತು. ಪ್ರಜಾಪ್ರಭುತ್ವ ಬಂತಲ್ಲ? ವರದರಾಜ ಪೆರುಮಾಳ್ ಮುಖ್ಯಮಂತ್ರಿ. ಹುಲಿಗಳು ಬಹಿಷ್ಕರಿಸಿದರು. ಅಷ್ಟರಲ್ಲಿ ಕೊಲಂಬೊದಲ್ಲಿ ಪ್ರೇಮದಾಸ ಬಂದರು. ನಮ್ಮನ್ನು ಓಡಿಸೋಕೆ ಅದೇ ಸರ್ಕಾರ ಹುಲಿಗಳಿಗೆ ಆಯುಧ ಕೊಟ್ಟಿತು. 1990ರ ಮಾರ್ಚಿನಲ್ಲಿ ನಾವು ಹಡಗು ಹತ್ತಿದ್ವಿ. ಪೆರುಮಾಳ್ ಕೂಡ ಅದೇ ತಿಂಗಳು ದೇಶ ಬಿಟ್ಟರು. ನಾವು ಕೂರಿಸಿದ ಸರ್ಕಾರ ನಮಗಿಂತ ಒಂದು ದಿನ ಹೆಚ್ಚಿಗೆ ನಿಲ್ಲೋಕೂ ಆಗಲಿಲ್ಲ. ನಮ್ಮವರು ಸುಮಾರು 1,200 ಜನ ಹೋದರು. ಮದ್ರಾಸಿನಲ್ಲಿ ಇಳಿದಾಗ ನಮ್ಮನ್ನು ಎದುರುಗೊಳ್ಳಲು ಮುಖ್ಯಮಂತ್ರಿ ಕರುಣಾನಿಧಿ ಬರಲಿಲ್ಲ. ಮುಂದಿನ ವರ್ಷ ಮೇ 21ಕ್ಕೆ ಶ್ರೀಪೆರಂಬದೂರು, ರಾಜೀವ್ ಗಾಂಧಿ ಹತ್ಯೆ.

ಸೈನಿಕನಿಗೆ ಗುಡ್ಡ ಹಿಡಿ ಅಂದರೆ ಹಿಡೀತಾನೆ. ಸೇತುವೆ ಕಾಯಿ ಅಂದರೆ ಕಾಯ್ತಾನೆ. ಊರಿನವರು ಒಬ್ಬರನ್ನೊಬ್ಬರು ನಂಬೋ ಹಾಗೆ ಮಾಡು ಅಂದರೆ ಅದಕ್ಕೆ ಯಾವ ಡ್ರಿಲ್ ಇದೆ ಹೇಳಿ.

ಅಶೋಕಪುರಂ_ಅಣ್ಣ
ಹವಾಲ್ದಾರ್ ಸಾಹೇಬ್ರೇ, ನಿಮಗೆ ನಮಸ್ಕಾರ. ಆದರೆ 1971 ಬಿಟ್ಟುಬಿಟ್ರಲ್ಲ? ಅದು ಗೆಲುವಲ್ವಾ?

ಮಳವಳ್ಳಿ_ಹವಾಲ್ದಾರ್
ಗೆಲುವೇ. ಡಿಸೆಂಬರ್ 16ಕ್ಕೆ ಶರಣಾಗತಿ, ಮಾರ್ಚ್ ಅರ್ಧದೊಳಗೆ ನಮ್ಮ ಪಡೆ ಢಾಕಾದಿಂದ ವಾಪಸ್. ಆದರೆ ಅಲ್ಲಿಗೆ ಹೋದದ್ದು ಪ್ರಜಾಪ್ರಭುತ್ವ ಹಂಚೋಕಲ್ಲ. ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಇನ್ನೊಂದು ಮಾತು. ಆ ಜನ 1970ರ ಡಿಸೆಂಬರಿನಲ್ಲೇ ವೋಟು ಹಾಕಿ ಅವಾಮಿ ಲೀಗನ್ನು ಗೆಲ್ಲಿಸಿದ್ದರು, ಪಾಕಿಸ್ತಾನದ ಜನರಲ್‌ಗಳು ಅಧಿಕಾರ ಕೊಡಲಿಲ್ಲ. ಸರ್ಕಾರ ಯಾರದು ಅಂತ ನಾವು ಹೇಳಬೇಕಾಗಿರಲಿಲ್ಲ.

ಕುವೆಂಪುನಗರ_ಲೆಕ್ಕಿಗ
ಅಷ್ಟಾದರೂ 1975ರಲ್ಲಿ ಮುಜೀಬರನ್ನು ಅವರದೇ ಸೈನ್ಯದವರು ಮನೆಯವರ ಸಮೇತ ಕೊಂದರು. ಆಮೇಲೆ ಹದಿನೈದು ವರ್ಷ ಹೆಚ್ಚುಕಡಿಮೆ ಜನರಲ್‌ಗಳ ಕಾಲ. ಗೆಲುವಿನ ಉದಾಹರಣೆಯ ಕಥೆಯೇ ಇದು.

ಗಂಜಾಂ_ಇತಿಹಾಸ
ಮೇಷ್ಟ್ರೇ, ನಿಮ್ಮ ಮಕ್ಕಳನ್ನು ಬಾಗ್ದಾದ್‌ವರೆಗೆ ಯಾಕೆ ಕಳಿಸ್ತೀರಿ? ಮಂಡ್ಯದಿಂದ ಬಸ್ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕಳಿಸಿ. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಕಂಪನಿಯವರು ಹೇಳಿದ್ದೇನು? ರಾಜ್ಯವನ್ನು ಕಿತ್ತುಕೊಂಡವರಿಂದ ಬಿಡಿಸಿ ಹಕ್ಕುದಾರರಿಗೆ ಮರಳಿ ಕೊಡ್ತಿದ್ದೀವಿ ಅಂತ. ಪ್ರಜಾಪ್ರಭುತ್ವ ಅನ್ನೋ ಮಾತು ಆಗ ಚಲಾವಣೆಯಲ್ಲಿ ಇರಲಿಲ್ಲ, ನಿಜ. ಆದರೆ ದಬ್ಬಾಳಿಕೆಯಿಂದ ಬಿಡುಗಡೆ ಅನ್ನೋ ವಾದದ ರೂಪ ಅದೇ. ಒಳಗಿನಿಂದ ಕರೆದವರೂ ಇದ್ದರು. ರಾಣಿ ಲಕ್ಷ್ಮಮ್ಮಣ್ಣಿ ಪ್ರಧಾನ ತಿರುಮಲರಾಯರ ಮೂಲಕ 1782ರಲ್ಲೇ ಕಂಪನಿಯ ಜತೆ ಒಪ್ಪಂದ ಮಾಡಿಕೊಂಡಿದ್ದರು. ಇರಾಕ್ ವಿಷಯದಲ್ಲಿ ವಾಷಿಂಗ್ಟನ್ನಿನ ಬಾಗಿಲು ತಟ್ಟುತ್ತಿದ್ದ ಅಹ್ಮದ್ ಚಲಬಿ ನೆನಪಾಗುವುದಿಲ್ಲವೇ? (ರಾಣಿಯವರಿಗೆ ಕಳೆದುಕೊಂಡ ಮನೆಯಿತ್ತು, ಇಲ್ಲೇ ಇದ್ದು ಎಲ್ಲ ಕಷ್ಟ ಉಂಡರು. ಚಲಬಿ ದಶಕಗಳ ಕಾಲ ಹೊರದೇಶದಲ್ಲಿದ್ದವ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ.)

ಈಗ ಬೆಲೆ. ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟಿದರು. ಜುಲೈನಲ್ಲಿ ಸಹಾಯಕ ಸೈನ್ಯದ ಒಪ್ಪಂದ ಆಯಿತು. ಕಂಪನಿಯ ಸೈನ್ಯ ಮೈಸೂರಲ್ಲಿ ಇರುತ್ತೆ, ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಾಹ ಕೊಡಬೇಕು. ರೂಪಾಯಿಯಲ್ಲಿ 24.5 ಲಕ್ಷ. ಬಿಡಿಸಿದವರಿಗೆ ಬಿಡುಗಡೆಯಾದವರು ಸಂಬಳ ಕೊಡಬೇಕು! ಅದರಲ್ಲೇ ಇನ್ನೊಂದು ಕಲಂ: ಹಣ ಬರುವುದು ಅನುಮಾನ ಅನ್ನಿಸಿದರೆ ಆಡಳಿತವನ್ನು ಕಂಪನಿ ತನ್ನ ಕೈಗೆ ತಗೊಳ್ಳಬಹುದು. 1830ರಲ್ಲಿ ನಗರ ಸೀಮೆಯ (ಈಗಿನ ಶಿವಮೊಗ್ಗ ಕಡೆ) ರೈತರು ದಂಗೆ ಎದ್ದರು, ಕಂದಾಯದ ಹಿಂಸೆ ಅದಕ್ಕೆ ಮುಖ್ಯ ಕಾರಣ. 1831ರಲ್ಲಿ ಬೆಂಟಿಂಕ್ ಆ ಕಲಂ ತೆಗೆದು ತೋರಿಸಿ ರಾಜ್ಯವನ್ನೇ ತಗೊಂಡ. ಮರಳಿ ಕೊಟ್ಟದ್ದು 1881ರಲ್ಲಿ. ಐವತ್ತು ವರ್ಷ. ಪೊಗದಿ (ಕಪ್ಪ) ಮಾತ್ರ ಆಮೇಲೂ ನಿಲ್ಲಲಿಲ್ಲ, 20ನೇ ಶತಮಾನದಲ್ಲೂ ಕಟ್ಟುತ್ತಲೇ ಇದ್ದೆವು.

ಇನ್ನೊಂದು ಹೋಲಿಕೆ ಇದಕ್ಕಿಂತ ಸ್ವಾರಸ್ಯ. 2003ರ ಮೇ ತಿಂಗಳಲ್ಲಿ ಇರಾಕಿನ ಆಡಳಿತಕ್ಕೆ ಬಂದ ಪಾಲ್ ಬ್ರೆಮರ್, ಒಂದನೇ ಆದೇಶದಲ್ಲಿ ಸದ್ದಾಂನ ಬಾತ್ ಪಕ್ಷದ ಮೇಲಿನ ಹಂತದವರನ್ನೆಲ್ಲ ಕೆಲಸದಿಂದ ತೆಗೆದ, ಎರಡನೇ ಆದೇಶದಲ್ಲಿ ಇಡೀ ಸೈನ್ಯವನ್ನೇ ವಿಸರ್ಜಿಸಿದ. ಲಕ್ಷಾಂತರ ಗಂಡಸರು ಬಂದೂಕು ಹಿಡಿದು ಕೆಲಸವಿಲ್ಲದೆ ಮನೆಗೆ ಹೋದರು. ಮುಂದಿನ ದಂಗೆಗೆ ಜನ ಎಲ್ಲಿಂದ ಬಂದರು ಅಂತ ಬೇರೆ ಹುಡುಕಬೇಕಿಲ್ಲ. 1799ರಲ್ಲಿ ಕಂಪನಿ ಈ ವಿಷಯದಲ್ಲಿ ಅರ್ಧ ಜಾಣತನ ತೋರಿತ್ತು. ಟಿಪ್ಪುವಿನ ಬಳಿಯೇ ಹಣಕಾಸು ನೋಡುತ್ತಿದ್ದ ಪೂರ್ಣಯ್ಯನವರನ್ನೇ ದಿವಾನರಾಗಿ ಉಳಿಸಿಕೊಂಡರು. ಲೆಕ್ಕಪತ್ರ, ಕಂದಾಯ, ಶೇಕದಾರರು ಎಲ್ಲ ಹಾಗೇ ನಡೆಯಿತು. ಆದರೆ ಸೈನ್ಯ ಚದುರಿತಲ್ಲ, ಆ ಕುದುರೆ ಸವಾರರು ಎಲ್ಲಿಗೆ ಹೋದರು? ಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಚನ್ನಗಿರಿಯ ಧೋಂಡಿಯಾ ವಾಘನ ಹಿಂದೆ ಹೋದರು. ಅವನನ್ನು ಹಿಡಿಯಲು ಆರ್ಥರ್ ವೆಲ್ಲೆಸ್ಲಿ (ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು) 1800ರ ಸೆಪ್ಟೆಂಬರ್‌ವರೆಗೆ ಊರೂರು ಅಲೆದ.

ಆದ್ದರಿಂದ ವೆಚ್ಚಕ್ಕೆ ತಕ್ಕ ಫಲವೇ ಅಂತ ಕೇಳುವಾಗ, ವೆಚ್ಚ ಇಷ್ಟು ಅಂತ ಬರೆಯುವ ಕೈ ಯಾವುದು, ಕಟ್ಟುವ ಕೈ ಯಾವುದು ಅಂತ ಮೊದಲು ನೋಡಿ. ಎಷ್ಟು ವರ್ಷ ಇರಬೇಕು ಅನ್ನೋದನ್ನೂ ಬಂದವರೇ ತೀರ್ಮಾನಿಸುತ್ತಾರೆ. ನಮ್ಮ ಮುತ್ತಜ್ಜನ ಮುತ್ತಜ್ಜನಿಗೆ ಈ ಬಿಲ್ ಬಂದಿತ್ತು.

ಜೈ_ಮೈಸೂರು_99
ಟಿಪ್ಪು ಬಗ್ಗೆ ಒಳ್ಳೇದು ಬರೆಯೋರಿಗೆಲ್ಲ ಒಂದು ಪ್ರಶ್ನೆ. ಮೇಲುಕೋಟೆಯಲ್ಲಿ

ನಿರ್ವಾಹಕ
ಮೇಲಿನ ಪ್ರತಿಕ್ರಿಯೆಯ ಉಳಿದ ಭಾಗ ತೆಗೆದಿದೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋದಕ್ಕೆ ಇಲ್ಲಿ ಆಗಲೇ ಮೂರು ಚರ್ಚೆ ಇವೆ, ಮೂರಕ್ಕೂ ಬೀಗ ಹಾಕಿದೆ.

ಕಲಬುರಗಿ_ಇಂದ_ಹೆಬ್ಬಾಳ
ಗಂಜಾಂ ಸರ್, ಓದಿ ಖುಷಿ ಆತು. ಆದ್ರ ನಾನು ಇನ್ನೊಂದು ಮಗ್ಗಲು ಹೇಳತೀನಿ. ನಾನು ಕಲಬುರಗಿಯಾಂವ, ನೌಕರಿ ಮೈಸೂರಾಗ. 1948ರ ಸೆಪ್ಟೆಂಬರ್ 17ಕ್ಕ ನಮ್ಮ ಕಡೆ ನಿಜಾಮನ ಆಳಿಕಿ ಮುಗೀತು. ಸೈನ್ಯ ಬರಲಿಲ್ಲಂದ್ರ ರಜಾಕಾರರ ಕೈಯಾಗ ನಮ್ಮ ಅಜ್ಜ ಉಳೀತಿದ್ದಿಲ್ಲ. "ಬಂದೂಕಿನಿಂದ ಪ್ರಜಾಪ್ರಭುತ್ವ ಬರೂದಿಲ್ಲ" ಅಂತ ಮೈಸೂರಾಗ ಕೂತು ಹೇಳೂದು ಸಸಾರ. ನಿಮಗ ನಾಲ್ವಡಿ ಸಿಕ್ಕಿದ್ರು, ನಮಗ ಸಿಕ್ಕಾಂವ ನಿಜಾಮ.

ಸರಸ್ವತೀಪುರಂ_ಮೇಡಂ
ನಿಮ್ಮ ಅಜ್ಜನವರ ಅನುಭವವನ್ನು ಯಾರೂ ತಳ್ಳಿಹಾಕಲಾಗದು. ಎರಡು ವಿಷಯ ಮಾತ್ರ ಸೇರಿಸ್ತೀನಿ. ಒಂದು, ಅದು ಪರದೇಶ ಅಲ್ಲ. ಒಳಗೆ ಸ್ವಾಮಿ ರಮಾನಂದ ತೀರ್ಥರ ಚಳವಳಿ ವರ್ಷಗಟ್ಟಲೆ ನಡೆದಿತ್ತು, ಬಂದ ಸೈನ್ಯದ ಹಿಂದೆ ಸಂವಿಧಾನ ಬಂತು, 1952ಕ್ಕೆ ವೋಟು ಬಂತು. ಎರಡು, ಆ ಕಾರ್ಯಾಚರಣೆ ಆದಮೇಲೆ ಮುಸ್ಲಿಮರ ಮೇಲೆ ನಡೆದ ಕೊಲೆಗಳ ಬಗ್ಗೆ ಸುಂದರಲಾಲ್ ಸಮಿತಿ ಕೊಟ್ಟ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಬೀದರ್, ಕಲಬುರಗಿ ಕಡೆಯ ಕೆಲವು ಮನೆಗಳಲ್ಲಿ ಸೆಪ್ಟೆಂಬರ್ 17ರ ನೆನಪು ಬೇರೆಯೇ ಇದೆ.

ಕಲಬುರಗಿ_ಇಂದ_ಹೆಬ್ಬಾಳ
ಅದು ಖರೇ ಅದ ಅಕ್ಕಾರ. ನಮ್ಮ ಓಣ್ಯಾಗ ಅದರ ಬಗ್ಗೆ ಯಾರೂ ಬಾಯಿ ಬಿಡೂದಿಲ್ಲ. ಆದ್ರೂ ಸೈನ್ಯ ಬರಬಾರದಿತ್ತು ಅಂತ ನಾ ಅನ್ನಂಗಿಲ್ಲ.

ಲಷ್ಕರ್_ಮೊಹಲ್ಲಾ
ಪ್ರಜಾಪ್ರಭುತ್ವಕ್ಕಾಗಿ ಹೊರದೇಶದಲ್ಲಿ ಹೋರಾಡಿದ ಮೈಸೂರಿನವರು ನಿಜವಾಗಲೂ ಇದ್ದಾರೆ, ಮರೀಬೇಡಿ. 1917ರ ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ವಿಲ್ಸನ್, ಜಗತ್ತು ಪ್ರಜಾಪ್ರಭುತ್ವಕ್ಕೆ ಸುರಕ್ಷಿತವಾಗಬೇಕು ಅಂತ ಹೇಳಿ ಯುದ್ಧಕ್ಕಿಳಿದ. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಈಟಿ ಹಿಡಿದು, ಕುದುರೆ ಮೇಲೆ, ಮೆಷಿನ್ ಗನ್ನಿಗೆ ಎದುರಾಗಿ ಹೈಫಾ ಗೆದ್ದರು. ಗೆದ್ದ ಪ್ಯಾಲೆಸ್ತೀನಿಗೆ ಪ್ರಜಾಪ್ರಭುತ್ವ ಬಂತಾ? ಮೂವತ್ತು ವರ್ಷ ಬ್ರಿಟಿಷರ ಆಳ್ವಿಕೆ ಬಂತು. ಈಟಿ ಹಿಡಿದ ನಮ್ಮ ಸವಾರನಿಗೆ ತನ್ನೂರಲ್ಲಿ ವೋಟು ಇತ್ತಾ? ಇರಲಿಲ್ಲ. 1881ರಲ್ಲಿ ರಂಗಾಚಾರ್ಲು ಶುರು ಮಾಡಿದ ಪ್ರಜಾಪ್ರತಿನಿಧಿ ಸಭೆ ಇತ್ತು, ಅದರಲ್ಲಿ ಅಹವಾಲು ಹೇಳಬಹುದಿತ್ತು, ಅಷ್ಟೆ.

ನಾಗಮಂಗಲ_ರಾಗಿ
ಅಂಗಾದ್ರೆ ನಮ್ಗೆ ವೋಟು ಯಾರ್ ತಂದ್ಕೊಟ್ರು ಸಾ?

ಗಂಜಾಂ_ಇತಿಹಾಸ
ನಿಮ್ಮ ಜಿಲ್ಲೆಯವರೇ ರಾಗಿ ಅವರೇ. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. 1947ರ ಆಗಸ್ಟ್ ಕಳೆದರೂ ಮೈಸೂರಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲ. ಆಗ ಮೈಸೂರು ಚಲೋ. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಹೊರಗಿನ ಸೈನ್ಯ ಇಲ್ಲ. ಆದರೆ ಕಲಬುರಗಿಯವರು ಹೇಳಿದ್ದು ಸರಿ, ಎದುರಿಗಿದ್ದದ್ದು ಜಯಚಾಮರಾಜರು. ಸದ್ದಾಂ ಅಲ್ಲ.

ಮಂಡ್ಯ_ಪಿಯು_ಮೇಷ್ಟ್ರು
ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಆದರೆ ಪರ ಮಾತಾಡುವ ಹುಡುಗಿಗೆ ಅನ್ಯಾಯ ಆಗ್ತಿದೆ. ಜರ್ಮನಿ, ಜಪಾನ್‌ಗೆ ಯಾರೂ ಉತ್ತರ ಕೊಟ್ಟಿಲ್ಲ.

ಗಂಜಾಂ_ಇತಿಹಾಸ
ಜಪಾನಿಗೆ 1890ರಿಂದ ಸಂಸತ್ತಿತ್ತು, 1925ರಲ್ಲಿ ಎಲ್ಲ ವಯಸ್ಕ ಗಂಡಸರಿಗೂ ವೋಟಿನ ಹಕ್ಕು ಕೊಟ್ಟಿದ್ದರು. ಜರ್ಮನಿಗೆ 1919ರ ವೈಮಾರ್ ಸಂವಿಧಾನ ಇತ್ತು. ಹಾಳುಬಿದ್ದ ಮನೆಯನ್ನು ಎತ್ತಿ ಕಟ್ಟಿದ್ದು, ಬಯಲಲ್ಲಿ ಹೊಸದಾಗಿ ಪಾಯ ತೋಡಿದ್ದಲ್ಲ. ಅದಕ್ಕೂ ಊರೂರು ಸುಟ್ಟು ಬೂದಿಯಾಗಬೇಕಾಯಿತು, ಎರಡು ಅಣುಬಾಂಬ್ ಬೀಳಬೇಕಾಯಿತು. ಅಮೆರಿಕದ ಸೈನಿಕರು ಎರಡೂ ಕಡೆ ಇವತ್ತಿಗೂ ಇದ್ದಾರೆ.

ಸರಸ್ವತೀಪುರಂ_ಮೇಡಂ
ಹುಡುಗಿಗೆ ನಾನು ಎರಡು ಹೊಸ ಉದಾಹರಣೆ ಕೊಡ್ತೀನಿ. ಹವಾಲ್ದಾರರು 1971ರ ಬಗ್ಗೆ ಹೇಳಿದ ಮಾತಿನಿಂದಲೇ ಹೊಳೆದದ್ದು.

ಪನಾಮಾ: 1989ರ ಮೇ ಚುನಾವಣೆಯಲ್ಲಿ ಎಂಡಾರಾ ಗೆದ್ದರು, ಸೇನಾ ಸರ್ವಾಧಿಕಾರಿ ನೊರಿಯೇಗ ಫಲಿತಾಂಶವನ್ನೇ ರದ್ದು ಮಾಡಿದ. ಡಿಸೆಂಬರಿನಲ್ಲಿ ಅಮೆರಿಕ ನುಗ್ಗಿತು, ಎಂಡಾರಾ ಅಧ್ಯಕ್ಷರಾದರು. ಅಂದಿನಿಂದ ಅಲ್ಲಿ ಚುನಾವಣೆಯಿಂದಲೇ ಸರ್ಕಾರ ಬದಲಾಗುತ್ತಿದೆ. ಗ್ಯಾಂಬಿಯಾ: 2016ರ ಡಿಸೆಂಬರಿನಲ್ಲಿ ಯಾಹ್ಯಾ ಜಾಮೆ ಸೋತ, ಮೊದಲು ಒಪ್ಪಿದ, ಆಮೇಲೆ ಕುರ್ಚಿ ಬಿಡಲ್ಲ ಅಂದ. ಗೆದ್ದ ಅಡಾಮಾ ಬ್ಯಾರೋ ಪಕ್ಕದ ಸೆನೆಗಲ್ ರಾಜಧಾನಿಯ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ತಗೊಂಡರು. ಪಶ್ಚಿಮ ಆಫ್ರಿಕಾದ ದೇಶಗಳ ಸೈನ್ಯ ಗಡಿ ದಾಟಿತು. ಎರಡು ದಿನದಲ್ಲಿ ಜಾಮೆ ವಿಮಾನ ಹತ್ತಿದ.

ಎರಡರಲ್ಲೂ ಜನ ಆಗಲೇ ವೋಟು ಹಾಕಿದ್ದರು. ಸೈನ್ಯ ಮಾಡಿದ್ದು ಎಣಿಕೆಯನ್ನು ಒಪ್ಪಿಸಿದ್ದು. ಇರಾಕಿನಲ್ಲಿ ಮತಪೆಟ್ಟಿಗೆಯೇ ಟ್ಯಾಂಕಿನ ಹಿಂದೆ ಬಂತು. 2005ರ ಜನವರಿ 30ರಂದು ಬಾಂಬಿನ ನಡುವೆಯೂ ನೂರಕ್ಕೆ 58ರಷ್ಟು ಜನ ಹೋಗಿ ಬೆರಳಿಗೆ ನೇರಳೆ ಶಾಯಿ ಹಚ್ಚಿಸಿಕೊಂಡರು, ಆ ಧೈರ್ಯಕ್ಕೆ ಕೈ ಮುಗಿಯಬೇಕು. ಆದರೆ ಸುನ್ನಿಗಳ ಅನ್ಬಾರ್ ಪ್ರಾಂತ್ಯದಲ್ಲಿ ವೋಟು ಹಾಕಿದವರು ನೂರಕ್ಕೆ ಇಬ್ಬರು.

ಅಶೋಕಪುರಂ_ಅಣ್ಣ
ಶಾಯಿ ಅಂದ ತಕ್ಷಣ ನೆನಪಾಯ್ತು. ನಮ್ಮ ಬನ್ನಿಮಂಟಪದ ಮೈಸೂರು ಪೇಂಟ್ಸ್ ಕಾರ್ಖಾನೆಯಿಂದ ಕಾಂಬೋಡಿಯಾ, ಮಲೇಷ್ಯಾ ಅಂತ ಎಷ್ಟೋ ದೇಶಕ್ಕೆ ಅಳಿಸದ ಶಾಯಿ ಹೋಗಿದೆ. 1962ರಿಂದ ಇಡೀ ಭಾರತದ ಬೆರಳಿಗೂ ಅದೇ. ನಾವು ಪ್ರಜಾಪ್ರಭುತ್ವ ರಫ್ತು ಮಾಡೋದು ಬಾಟಲಿಯಲ್ಲಿ 😄 ಅವರು ಆರ್ಡರ್ ಕೊಟ್ಟರೆ ಮಾತ್ರ ಕಳಿಸ್ತೀವಿ, ದುಡ್ಡೂ ಬರುತ್ತೆ.

ಕುವೆಂಪುನಗರ_ಲೆಕ್ಕಿಗ
ಈ ಚರ್ಚೆಯಲ್ಲಿ ಲಾಭ ತೋರಿಸಿದ ಮೊದಲ ಲೆಕ್ಕ ಇದು.

ಮೇಡಂ, ನಿಮ್ಮ ನಿಯಮಕ್ಕೆ ಹೈಟಿ ಒಗ್ಗಲ್ಲ. 1990ರಲ್ಲಿ ಅರಿಸ್ಟೀಡ್ ದೊಡ್ಡ ಬಹುಮತದಿಂದ ಗೆದ್ದರು, 1991ರಲ್ಲಿ ಸೈನ್ಯ ಓಡಿಸಿತು, 1994ರಲ್ಲಿ ಅಮೆರಿಕ ಸೈನ್ಯ ಕಳಿಸಿ ಮರಳಿ ಕೂರಿಸಿತು. ನೀವು ಹೇಳಿದ ಹಾಗೇ, ಹಾಕಿದ ವೋಟನ್ನು ಕಾದದ್ದು. 2004ರಲ್ಲಿ ಮತ್ತೆ ಉರುಳಿದರು. ಇವತ್ತು ಪೋರ್ಟ್-ಒ-ಪ್ರಿನ್ಸ್‌ನ ಬಹುಭಾಗ ಗ್ಯಾಂಗುಗಳ ಕೈಯಲ್ಲಿದೆ. ಪನಾಮಾದಲ್ಲೂ ಎಲ್ ಚೊರಿಯೊ ಅನ್ನೋ ಬಡವರ ಬಡಾವಣೆ ಸುಟ್ಟುಹೋಯಿತು, ನೂರಾರು ಜನ ಸತ್ತರು. ನೊರಿಯೇಗ ಕೂಡ ಮೊದಲು ಸಿಐಎ ಸಾಕಿದ ಗಿಣಿಯೇ.

ಲಷ್ಕರ್_ಮೊಹಲ್ಲಾ
ಸಂಬಂಧವೇ ಇಲ್ಲದವರ ಖರ್ಚನ್ನೂ ಬರ್ಕೊಳಿ. 2014ರ ಜೂನಿನಲ್ಲಿ ಐಸಿಸ್ ಉಗ್ರರು ಇರಾಕಿನ ಮೊಸೂಲ್ ಹಿಡಿದಾಗ 39 ಭಾರತೀಯ ಕೂಲಿಗಳು ಸಿಕ್ಕಿಬಿದ್ದರು, ಹೆಚ್ಚಿನವರು ಪಂಜಾಬಿನವರು. ಸತ್ತಿದ್ದಾರೆ ಅಂತ ಸರ್ಕಾರ ಖಚಿತಪಡಿಸಿದ್ದು 2018ರ ಮಾರ್ಚಿನಲ್ಲಿ. ನಾಲ್ಕು ವರ್ಷ ಆ ಮನೆಯವರು ಫೋನ್ ಕಾಯ್ತಾ ಕೂತಿದ್ದರು. ಪುಣ್ಯಕ್ಕೆ 2003ರ ಜುಲೈನಲ್ಲಿ ಅಮೆರಿಕ ಇರಾಕಿಗೆ ಸೈನ್ಯ ಕೇಳಿದಾಗ ವಾಜಪೇಯಿ ಸರ್ಕಾರ ಆಗಲ್ಲ ಅಂದಿತು. 2011ರಲ್ಲಿ ಲಿಬಿಯಾ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ಮನಮೋಹನ್ ಸಿಂಗ್ ಸರ್ಕಾರ ಮತ ಹಾಕದೆ ತಟಸ್ಥವಾಗಿ ಉಳಿಯಿತು. ಪಕ್ಷ ಎರಡು, ಬುದ್ಧಿ ಒಂದೇ.

ಸರಸ್ವತೀಪುರಂ_ಮೇಡಂ
ಲೆಕ್ಕಿಗರೇ, ಹೈಟಿ ಒಪ್ಪಿದೆ. ವೋಟು ಕಾದರೆ ಸಾಲದು, ಆಮೇಲೆ ಪೊಲೀಸು, ಕೋರ್ಟು, ಸಂಬಳ ಕೊಡುವ ಖಜಾನೆ ಇರಬೇಕು. ಆದರೆ ತಟಸ್ಥವಾಗಿ ಉಳಿಯುವುದಕ್ಕೂ ಬೆಲೆ ಇದೆ, ಅದನ್ನು ಯಾರೂ ಬರೆಯುತ್ತಿಲ್ಲ. 1994ರಲ್ಲಿ ರುವಾಂಡಾದ ಕೊಲೆಗಳನ್ನು ತಡೆಯಲು ಹೊತ್ತಿಗೆ ಸರಿಯಾಗಿ ಯಾರೂ ಹೋಗಲಿಲ್ಲ, ನೂರು ದಿನದಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು.

ಮಳವಳ್ಳಿ_ಹವಾಲ್ದಾರ್
ಕೊಲೆ ತಡೆಯೋಕೆ ಹೋಗೋದು ಬೇರೆ ಕೆಲಸ ಮೇಡಂ, ಅದಕ್ಕೆ ಕರೆದರೆ ಈಗಲೂ ಹೋಗ್ತೀನಿ. ಸರ್ಕಾರ ಕಟ್ಟೋಕೆ ಅಂದ್ರೆ ಬರಲ್ಲ. ಗ್ಯಾಂಬಿಯಾ ಬಗ್ಗೆ ಒಂದು ಮಾತು: ಜಾಮೆ ಎರಡು ದಿನದಲ್ಲಿ ಹೋದ, ಆದರೆ ಅವನನ್ನು ಓಡಿಸೋಕೆ ಬಂದ ಸೈನ್ಯ ತಿಂಗಳುಗಳ ಲೆಕ್ಕದಲ್ಲಿ ಬಂದು ವರ್ಷಗಟ್ಟಲೆ ಉಳೀತು. ಅವಧಿ ಮುಂದೂಡ್ತಾನೇ ಬಂದರು.

ಮಂಡ್ಯ_ಪಿಯು_ಮೇಷ್ಟ್ರು
ಇದನ್ನು ಹುಡುಗನಿಗೆ ಕೊಡ್ತೀನಿ. ಪನಾಮಾ, ರುವಾಂಡಾ ಹುಡುಗಿಗೆ. ಗಂಜಾಂ ಸರ್, 7 ಲಕ್ಷ ವರಾಹದ ಲೆಕ್ಕ ಇಬ್ಬರೂ ಬೇಕು ಅಂತ ಜಗಳ ಆಡ್ತಿದ್ದಾರೆ. ಆ ಒಪ್ಪಂದದ ಪೂರ್ತಿ ಕಲಂಗಳು ಕನ್ನಡದಲ್ಲಿ ಎಲ್ಲಾದರೂ ಸಿಗುತ್ತಾ?